ಕೆಂಪು ಮೂತ್ರ: ಎರಡು ದಿನ ಕಾಯಬೇಡಿ

ಈದು ಎರಡು-ಮೂರು ವಾರವಾದ ಎಮ್ಮೆಯೋ ಆಕಳೋ ಇದ್ದಕ್ಕಿದ್ದಂತೆ ಕಾಫಿ ಬಣ್ಣದ ಮೂತ್ರ ಹಾಕಿದರೆ, ಉಷ್ಣ ಆಗೈತಿ, ತಾನೇ ಇಳೀತೈತಿ ಎಂದು ಎರಡು ದಿನ ಕಾಯುವುದುಂಟು. ಅಷ್ಟರಲ್ಲಿ ದನ ಕೈಬಿಟ್ಟು ಹೋಗಬಹುದು.

ಹೆಚ್ಚಾಗಿ ಇದು ರಂಜಕ, ಅಂದರೆ ಫಾಸ್ಫರಸ್ ಕೊರತೆಯ ಬೇನೆ. ಒಂದು ಲೀಟರ್ ಹಾಲಿನೊಂದಿಗೆ ಸುಮಾರು 1 ಗ್ರಾಂ ರಂಜಕ ಮೈಯಿಂದ ಹೋಗುತ್ತದೆ. ಮೇವಿನಿಂದ ಅದು ತುಂಬದಿದ್ದರೆ ಕೆಂಪು ರಕ್ತಕಣಗಳು ಒಡೆದು, ಅವುಗಳ ಬಣ್ಣ ಮೂತ್ರಕ್ಕೆ ಇಳಿಯುತ್ತದೆ. ಜುರಾಲಾ ಕಾಲುವೆಯ ಊರುಗಳಲ್ಲಿ ಭತ್ತದ ಹುಲ್ಲಿಗೇನೂ ಬರವಿಲ್ಲ. ಆದರೆ ಹುಲ್ಲಿನಲ್ಲಿ ರಂಜಕ ತೀರ ಕಡಿಮೆ. ಅದು ಇರುವುದು ತೌಡು, ಹಿಂಡಿಯಲ್ಲಿ. ಬರೀ ಸುಣ್ಣದ ನೀರು ಕುಡಿಸಿದರೆ ಈ ಬೇನೆ ಹೋಗದು.

ಉಣ್ಣಿ ಕಡಿತದ ಜ್ವರದಲ್ಲೂ ಮೂತ್ರ ಕೆಂಪಾಗುತ್ತದೆ, ಅದರ ಮದ್ದೇ ಬೇರೆ. ಹಾಗಾಗಿ ರಕ್ತ ಪರೀಕ್ಷೆ ಬೇಕು, ಅಂದಾಜಿನ ಇಂಜೆಕ್ಷನ್ ಸಲ್ಲದು. ರಂಜಕದ ಕೊರತೆಗೆ ವೈದ್ಯರು ರಕ್ತನಾಳಕ್ಕೆ ಕೊಡುವ ಸೋಡಿಯಂ ಆಸಿಡ್ ಫಾಸ್ಫೇಟ್ ದುಬಾರಿಯೇನಲ್ಲ. ನಾರಾಯಣಪೇಟೆ, ಮಕ್ತಲ್, ಗದ್ವಾಲ ಪಶು ಆಸ್ಪತ್ರೆಗಳಲ್ಲಿ ಅದು ಸದಾ ಇರುವಂತೆ ಅಧಿಕಾರಿಗಳು ನೋಡಿಕೊಳ್ಳಬೇಕು. ಖನಿಜ ಮಿಶ್ರಣ ದನ ಈಯುವ ಮುಂಚೆಯೇ ರೈತರಿಗೆ ಸಿಗಬೇಕು. ತಿಳಿವಳಿಕೆ ಪತ್ರ ತೆಲುಗಿನ ಜೊತೆ ಕನ್ನಡದಲ್ಲೂ ಅಚ್ಚಾಗಲಿ. ಗಡಿ ಊರುಗಳಲ್ಲಿ ಹಾಲು ಹಿಂಡುವ ಎಷ್ಟೋ ಮನೆಗಳ ಮಾತು ಕನ್ನಡವೇ.