ಚಿತ್ರವಿದ್ಯೆಯೂ ಜೀವನೋಪಾಯವೂ

ಮನೆಯ ಹುಡುಗನೋ ಹುಡುಗಿಯೋ ಲೆಕ್ಕದ ಪುಸ್ತಕದ ಅಂಚಿನಲ್ಲಿ ಹಕ್ಕಿಯ ಚಿತ್ರವನ್ನು ಬರೆಯತೊಡಗಿದರೆ ತಾಯಿಗೆ ಸಂತೋಷವಾಗುತ್ತದೆ, ತಂದೆಯು ಮಾತ್ರ, "ಗೆರೆ ಎಳೆದರೆ ಗಂಜಿ ಹುಟ್ಟೀತೇ?" ಎಂದು ಕೇಳುತ್ತಾನೆ. ಈ ಪ್ರಶ್ನೆಯನ್ನು ಅರಸಿಕತೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಸಂಸಾರಭಾರವನ್ನು ಹೊತ್ತವನಿಗೆ ಅದನ್ನು ಕೇಳುವ ಅಧಿಕಾರವುಂಟು. ಉತ್ತರವನ್ನು ಪಡೆಯುವ ಅಧಿಕಾರವೂ ಉಂಟು.

ಚಿತ್ರಗಾರನ ಮುಂದೆ ಮೂರು ದಾರಿಗಳಿವೆ. ತನ್ನ ಕಲ್ಪನೆಯನ್ನು ಬಣ್ಣದಲ್ಲಿ ಮೂಡಿಸುವುದು ಒಂದು. ಪುಸ್ತಕದ ಮುಖಪುಟ, ಜಾಹೀರಾತು, ಲಗ್ನಪತ್ರಿಕೆ ಮೊದಲಾದ ಮುದ್ರಣದ ಕೆಲಸಗಳಿಗೆ ರೂಪ ಕೊಡುವುದು ಎರಡನೆಯದು. ಶಾಲೆಯಲ್ಲಿ ಕಲಿಸುವುದು ಮೂರನೆಯದು. ಮೊದಲನೆಯದೇ ಕಲೆ, ಉಳಿದೆರಡು ಬರಿಯ ಹೊಟ್ಟೆಪಾಡು ಎಂಬ ಭಾವನೆ ಜನರಲ್ಲಿ ಬೇರೂರಿದೆ. ಅದು ಎಷ್ಟರಮಟ್ಟಿಗೆ ಸರಿಯೆಂಬುದನ್ನು ವಿಚಾರಮಾಡೋಣ.

ನಮ್ಮ ಜಿಲ್ಲೆಯ ಗುಡಿಗಾರರನ್ನು ನೋಡಿರಿ. ಗಂಧದ ಮರದಲ್ಲಿ ದೇವಮೂರ್ತಿಯನ್ನು ಕೆತ್ತುವ ಮನೆತನವೇ ಮದುವೆಗೆ ಬೆಂಡಿನ ಬಾಸಿಂಗವನ್ನೂ ಚೌತಿಗೆ ಮಣ್ಣಿನ ಗಣಪತಿಯನ್ನೂ ಮಾಡಿಕೊಡುತ್ತದೆ. ಮಗನು ಪಕ್ಕದಲ್ಲಿ ಕುಳಿತು ಕಲಿಯುತ್ತಾನೆ. ಇದರಲ್ಲಿ ಯಾವುದು ಕಲೆ, ಯಾವುದು ಕಸುಬು, ಯಾವುದು ಪಾಠವೆಂದು ವಿಂಗಡಿಸಲು ಸಾಧ್ಯವೇ?

ವಿದ್ಯೆಗಳು ಒಂದನ್ನೊಂದು ಪೋಷಿಸುತ್ತವೆಂಬುದು ಪ್ರಾಚೀನರ ಮತ. ವಿಷ್ಣುಧರ್ಮೋತ್ತರದ ಚಿತ್ರಸೂತ್ರದಲ್ಲಿ ಮಾರ್ಕಂಡೇಯ ಮುನಿಯು, ನೃತ್ತಶಾಸ್ತ್ರವನ್ನರಿಯದವನಿಗೆ ಚಿತ್ರದ ಮರ್ಮವು ತಿಳಿಯದೆಂದು ವಜ್ರರಾಜನಿಗೆ ಉಪದೇಶಿಸುತ್ತಾನೆ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಕೆ. ಕೆ. ಹೆಬ್ಬಾರರು ಈ ಮಾತನ್ನು ಆಚರಿಸಿ ತೋರಿಸಿದರು. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, 1940ರಿಂದ ಕೆಲವು ವರ್ಷ ಅಲ್ಲಿಯೇ ಅಧ್ಯಾಪಕರಾಗಿದ್ದ ಅವರು, ಲಯದ ಅರಿವಿಗಾಗಿ ಗುರುಮುಖದಿಂದ ಕಥಕ್ ನೃತ್ಯವನ್ನೂ ಅಭ್ಯಾಸಮಾಡಿದರು. ಕೆಲವೇ ಗೆರೆಗಳಲ್ಲಿ ನರ್ತಕಿಯನ್ನು ಕುಣಿಸುವ ಅವರ ರೇಖಾಚಿತ್ರಗಳು ಆ ಸಾಧನೆಯ ಫಲ.

ಮುದ್ರಣದ ಕೆಲಸದಿಂದ ಕಲೆಯು ಕೀಳಾಗುವುದೆನ್ನುವವರಿಗೆ ನಂದಲಾಲ ಬಸು ಅವರ ಜೀವನವೇ ಉತ್ತರ. ಮೈಸೂರಿನ ಕೆ. ವೆಂಕಟಪ್ಪನವರಂತೆ ಇವರೂ ಕಲಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರು. ಮುಂದೆ ಶಾಂತಿನಿಕೇತನದ ಕಲಾಭವನದಲ್ಲಿ ಬಹುಕಾಲ ಆಚಾರ್ಯರು. 1883ರಲ್ಲಿ ನಮ್ಮ ಕಾರವಾರದಲ್ಲಿದ್ದು ನಾಟಕ ರಚಿಸಿದ ರವೀಂದ್ರನಾಥರು 1930ರಲ್ಲಿ ಮಕ್ಕಳಿಗಾಗಿ ಪ್ರಕಟಿಸಿದ 'ಸಹಜಪಾಠ'ಕ್ಕೆ ಚಿತ್ರಗಳನ್ನು ಮಾಡಿದವರು ಇವರೇ. 1938ರ ಹರಿಪುರಾ ಕಾಂಗ್ರೆಸ್ ಅಧಿವೇಶನಕ್ಕಾಗಿ, ಗಾಂಧೀಜಿಯವರ ಅಪೇಕ್ಷೆಯಂತೆ, ಹಳ್ಳಿಯ ದುಡಿಮೆಗಾರರ ಚಿತ್ರಫಲಕಗಳನ್ನು ರಚಿಸಿದರು. ಓದು ಬಾರದ ದಾರಿಹೋಕನಿಗೂ ಅವು ತಿಳಿಯಬೇಕಾಗಿತ್ತು. ಅಕ್ಷರ ಕಲಿಯುವ ಮಗುವಿಗೂ ಪಾಠದ ಚಿತ್ರವು ಗುರುತು ಸಿಕ್ಕಬೇಕಾಗಿತ್ತು. ಈ ಕಟ್ಟುಪಾಡಿನಿಂದ ರೇಖೆಯು ಬಡವಾಗಲಿಲ್ಲ. ಬೇಡವಾದುದನ್ನು ಕಳೆದುಕೊಂಡು ಬಲವಾಯಿತು.

ಕಲಿಸುವುದರ ಲಾಭವೂ ಇಂಥದೇ. ಕೈಗೆ ತಿಳಿದುದನ್ನು ಶಿಷ್ಯನಿಗೆ ಬಾಯಿಂದ ವಿವರಿಸಬೇಕಾದಾಗ, ತನಗೆ ಎಷ್ಟು ತಿಳಿದಿಲ್ಲವೆಂಬುದು ಗುರುವಿಗೇ ಗೋಚರವಾಗುತ್ತದೆ. ಸಂಬಳದ ಆಧಾರವಿರುವುದರಿಂದ ತನ್ನ ಚಿತ್ರವನ್ನು ಕೊಳ್ಳುವವನ ರುಚಿಗೆ ಬಾಗಿಸಬೇಕಾಗಿಯೂ ಇಲ್ಲ. ಅಪಾಯವೂ ಇಲ್ಲದಿಲ್ಲ. ಹತ್ತು ವರ್ಷ ಒಂದೇ ಹೂಜಿಯನ್ನು ಹಲಗೆಯ ಮೇಲೆ ಬರೆದು ತೋರಿಸುತ್ತ, ತಾನು ಕುಂಚವನ್ನೇ ಮುಟ್ಟದ ಮಾಸ್ತರನ ಕೈ ಜಡವಾಗುತ್ತದೆ. ಗಿರಾಕಿಯ ಅವಸರಕ್ಕೆ ಗಣಕಯಂತ್ರದಲ್ಲಿ ಸಿದ್ಧ ಚಿತ್ರಗಳನ್ನೇ ಜೋಡಿಸುವವನ ಕಣ್ಣು ಮಂಕಾಗುತ್ತದೆ. ದಿನಕ್ಕೆ ಒಂದು ಗಳಿಗೆಯನ್ನಾದರೂ ತನ್ನ ಸ್ವಂತ ಚಿತ್ರಕ್ಕೆ ಮೀಸಲಿಟ್ಟವನಿಗೆ ಈ ಭಯವಿಲ್ಲ.

ಆದುದರಿಂದ ಗೃಹಸ್ಥರಿಗೆ ನನ್ನ ವಿನಂತಿ ಇಷ್ಟೆ. ಮಗುವಿಗೆ ಬೆಲೆಬಾಳುವ ಬಣ್ಣಗಳನ್ನು ತರುವ ಮೊದಲು ಸುಣ್ಣ, ಕೆಮ್ಮಣ್ಣು, ಇದ್ದಲುಗಳನ್ನು ಕೊಡಿರಿ. ಅಂದವಾದ ಅಕ್ಷರಗಳನ್ನು ಬರೆಯುವುದನ್ನು ರೂಢಿಮಾಡಿಸಿರಿ. ತನಗೆ ಬಂದುದನ್ನು ತಮ್ಮ ತಂಗಿಯರಿಗೆ ಹೇಳಿಕೊಡಲು ಹಚ್ಚಿರಿ. ಹತ್ತನೆಯ ತರಗತಿಯನ್ನು ಮುಗಿಸಲಿ. ಆಮೇಲೂ ಆಸಕ್ತಿ ಆರದಿದ್ದರೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತುಗಳ ಶಿಕ್ಷಣವನ್ನು ವಿಚಾರಿಸಿರಿ. ಗಂಜಿಯ ಪ್ರಶ್ನೆಗೆ ಮೂರು ಕಡೆಯಿಂದ ಉತ್ತರ ಸಿಕ್ಕಬಹುದು. ಹುಡುಗನ ಕೈಯನ್ನು ಮೊದಲೇ ಕಟ್ಟಿಹಾಕಿದರೆ ಒಂದು ಕಡೆಯಿಂದಲೂ ಸಿಕ್ಕದು.