ಬಸ್ಸು ಬಂದಿದೆ, ಶಾಲೆಯ ಬಾಗಿಲೂ ತೆರೆಯಲಿ



ಸಿಗ್ನಲ್‌ಗಳಲ್ಲಿ ಪೆನ್ನು, ಬಲೂನು ಮಾರುವ ಮಕ್ಕಳು ಐವತ್ತರ ನೋಟಿಗೆ ಚಿಲ್ಲರೆಯನ್ನು ತಪ್ಪಿಲ್ಲದೆ ಎಣಿಸಿ ಕೊಡುತ್ತಾರೆ. ಅದೇ ಲೆಕ್ಕವನ್ನು ಸ್ಲೇಟಿನ ಮೇಲೆ ಬರೆದು ತೋರಿಸಿದರೆ ಅವರಲ್ಲಿ ಅನೇಕರಿಗೆ ಓದಲು ಬರುವುದಿಲ್ಲ. ಬುದ್ಧಿಯಿದೆ, ಚುರುಕಿದೆ, ಅಕ್ಷರದ ಹತ್ತಿರಕ್ಕೆ ಕರೆದೊಯ್ಯುವವರಿಲ್ಲ. ಆ ಕೆಲಸಕ್ಕೆಂದೇ ಹುಟ್ಟಿದ್ದು ಸಂಚಾರಿ ತರಗತಿ. ಅದಕ್ಕೆ ನಿಮ್ಮ ನೆರವು ಬೇಕೆಂದು ಕೇಳಲು ಈ ಮನವಿ.

ಮುಂಬೈಯಲ್ಲಿ ರಜನಿ ಪರಾಂಜಪೆ ಮತ್ತು ಬೀನಾ ಲಷ್ಕರಿ 1988ರಲ್ಲಿ ‘ಡೋರ್ ಸ್ಟೆಪ್ ಸ್ಕೂಲ್’ ಆರಂಭಿಸಿದರು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರಿದ್ದಲ್ಲಿಗೆ ಹೋಗಲಿ ಎಂಬುದು ಅವರ ನಿಲುವು. ಫುಟ್‌ಪಾತಿನಲ್ಲಿ ಬದುಕುವ ಮಕ್ಕಳಿಗಾಗಿ 1998ರಲ್ಲಿ ಆ ಸಂಸ್ಥೆ ಬಸ್ಸನ್ನೇ ತರಗತಿಯಾಗಿಸಿತು. ನಮ್ಮ ಬೆಂಗಳೂರಿನಲ್ಲೂ ಹಳೆಯ ಬಿಎಂಟಿಸಿ ಬಸ್ಸುಗಳನ್ನು ಬೀದಿ ಮಕ್ಕಳ ತರಗತಿಗಳಾಗಿ ಬಳಸುವ ಪ್ರಯತ್ನ ನಡೆದಿದೆ.

ಇಂಥ ಬಸ್ಸಿನಲ್ಲಿ ಪಾಠ ಅಕ್ಷರದಿಂದ ಶುರುವಾಗುವುದಿಲ್ಲ. ಕೈಕಾಲು ತೊಳೆದು ಬರುವುದು, ಒಂದೆಡೆ ಕೂರುವುದು, ಸರದಿಗೆ ಕಾಯುವುದು, ಹೆಸರು ಹಿಡಿದು ಕರೆದಾಗ ಹೆದರದೆ ಉತ್ತರಿಸುವುದು, ಪೆನ್ಸಿಲ್ ಹಿಡಿಯುವುದು – ಇವೆಲ್ಲ ಮೊದಲ ಪಾಠಗಳು. ಮನೆಮಂದಿಯೊಡನೆ ಲಂಬಾಣಿ, ತೆಲುಗು ಅಥವಾ ಹಿಂದಿ ಆಡುವ ಮಗುವಿನ ಕಿವಿಗೆ ಮೊದಲು ಕನ್ನಡದ ಕಥೆ, ಹಾಡು ಬೀಳಬೇಕು. ಈ ತಯಾರಿಯಿಲ್ಲದೆ ಹತ್ತು ವರ್ಷದ ಹುಡುಗನನ್ನು ಸೀದಾ ಐದನೇ ತರಗತಿಯಲ್ಲಿ ಕೂರಿಸಿದರೆ, ನಾಲ್ಕು ದಿನಕ್ಕೇ ಅವಮಾನ ತಾಳಲಾರದೆ ಅವನು ಮತ್ತೆ ಬೀದಿಗೆ ಬರುತ್ತಾನೆ.

ಆದರೆ ಬಸ್ಸಿನ ಗುರಿ ಬಸ್ಸಲ್ಲ. ಮಗುವಿನ ಹೆಸರು ಪಕ್ಕದ ಸರ್ಕಾರಿ ಶಾಲೆಯ ಹಾಜರಿ ಪುಸ್ತಕದಲ್ಲಿ ಬೀಳಬೇಕು. ಅಲ್ಲಿ ಬಿಸಿಯೂಟವಿದೆ, ಹಾಲಿದೆ, ಪುಸ್ತಕವಿದೆ, ಓರಗೆಯ ಗೆಳೆಯರಿದ್ದಾರೆ. ಈ ಕೊನೆಯ ಹೆಜ್ಜೆಯಲ್ಲೇ ಮಕ್ಕಳು ಕೈತಪ್ಪಿ ಹೋಗುತ್ತಾರೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯ ಅನೇಕ ಕುಟುಂಬಗಳು ಸುಗ್ಗಿ ಮುಗಿಸಿ ಕಟ್ಟಡ ಕೆಲಸಕ್ಕೆ ಬಂದು, ಮುಂಗಾರಿಗೆ ಊರಿಗೆ ಮರಳುತ್ತವೆ. ಶಾಲೆಯ ವರ್ಷ ಶುರುವಾಗುವುದು ಜೂನ್ ಹೊತ್ತಿಗೆ. ಅವರು ಇಲ್ಲಿ ಇರುವಾಗ ದಾಖಲಾತಿಯ ದಿನ ಮುಗಿದಿರುತ್ತದೆ. ‘ಟಿ.ಸಿ. ತನ್ನಿ, ಜನನ ಪ್ರಮಾಣಪತ್ರ ತನ್ನಿ’ ಎಂದು ಯಾರಾದರೂ ವಾಪಸ್ ಕಳಿಸಿದರೆ, ಅರ್ಧ ದಿನದ ಕೂಲಿ ಬಿಟ್ಟು ಬಂದ ತಾಯಿ ಇನ್ನೊಮ್ಮೆ ಬರುವುದು ಕಷ್ಟ.

ಹಾಗೆ ವಾಪಸ್ ಕಳಿಸಲು ಕಾನೂನಿನಲ್ಲಿ ಅವಕಾಶವಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಪ್ರತಿ ಮಗುವಿಗೂ ಅನ್ವಯಿಸುತ್ತದೆ. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ಅವಧಿ ಮುಗಿದ ಮೇಲೆ ಬಂದರೂ, ಟಿ.ಸಿ. ತಡವಾದರೂ ಸೇರಿಸಿಕೊಳ್ಳಬೇಕು. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಸರಿಸಮಕ್ಕೆ ಬರುವಂತೆ ವಿಶೇಷ ತರಬೇತಿ ಕೊಡಬೇಕು. 14 ತುಂಬಿದರೂ ಎಂಟನೇ ತರಗತಿ ಮುಗಿಯುವವರೆಗೆ ಉಚಿತವಾಗಿ ಓದಿಸಬೇಕು. ಈ ಮಾತುಗಳು ಕೂಲಿಕಾರರಿಗೆ ಗೊತ್ತಿಲ್ಲದಿರಬಹುದು. ಓದಿದ ನಮಗೆ ಗೊತ್ತಿರಬೇಕು, ಅವರ ಪಕ್ಕದಲ್ಲಿ ನಿಂತು ಹೇಳಬೇಕು.

ಹೆತ್ತವರಿಲ್ಲದ ಮಗುವಿಗೆ ಜೊತೆಯಲ್ಲಿ ಬರುವ ತಾಯಿಯೂ ಇರುವುದಿಲ್ಲ. ರಾತ್ರಿ ಎಲ್ಲಿ ಮಲಗುತ್ತದೆ, ಯಾರ ಕೈಯಲ್ಲಿದೆ ಎಂದು ಗಮನಿಸುವ ಮೊದಲ ಹಿರಿಯರು ಎಷ್ಟೋ ಸಲ ಬಸ್ಸಿನ ಶಿಕ್ಷಕರೇ. ಒಂಟಿ ಮಗು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಕರುಣೆಯಿಂದಲೇ ಆದರೂ ಮಗುವನ್ನು ಮನೆಗೆ ಕರೆದೊಯ್ದು ಇಟ್ಟುಕೊಳ್ಳಬೇಡಿ. ರಕ್ಷಿಸಿದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕೆಂದು ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಮಗುವಿನ ಫೋಟೊ ತೆಗೆದು ವಾಟ್ಸ್ಆಪ್‌ನಲ್ಲಿ ಹಂಚಬೇಡಿ. ಮಗುವಿನ ಮಾನ ನಮ್ಮ ಒಳ್ಳೆಯತನದ ಪ್ರದರ್ಶನಕ್ಕಿಂತ ದೊಡ್ಡದು.

ಈಗ ನಮ್ಮ ಬೇಡಿಕೆಗಳು. ಅಪಾರ್ಟ್‌ಮೆಂಟ್ ಸಂಘದವರೇ, ಕಲ್ಯಾಣ ಮಂಟಪ, ದೇವಸ್ಥಾನ, ಮಸೀದಿ, ಚರ್ಚ್‌ಗಳ ಆಡಳಿತದವರೇ, ಬಸ್ಸು ನಿಲ್ಲಲು ನೆರಳಿನ ಜಾಗ ಕೊಡಿ. ಕುಡಿಯಲು ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ ಕೊಡಿ. ಶೌಚಾಲಯವಿಲ್ಲದ ಕಡೆ ಹೆಣ್ಣುಮಕ್ಕಳು ತರಗತಿಗೆ ನಿಲ್ಲುವುದಿಲ್ಲ. ಕಟ್ಟಡ ಮಾಲೀಕರೇ, ಮೇಸ್ತ್ರಿಗಳೇ, ಶಿಕ್ಷಕರನ್ನು ಕಾರ್ಮಿಕರ ಶೆಡ್‌ಗಳವರೆಗೆ ಬಿಡಿ. ಕೂಸು ನೋಡಿಕೊಳ್ಳಲು ಅಕ್ಕನೇ ಬೇಕಾಗದಂತೆ ಕೆಲಸದ ಜಾಗದಲ್ಲಿ ಶಿಶುಪಾಲನೆಯ ವ್ಯವಸ್ಥೆ ಮಾಡಿ. ಮುಖ್ಯ ಶಿಕ್ಷಕರೇ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೇ, ಮಗು ಜನವರಿಯಲ್ಲಿ ಬಂದರೂ ಒಳಗೆ ಕರೆಯಿರಿ. ನಿವೃತ್ತ ಶಿಕ್ಷಕರೇ, ಕಾಲೇಜು ವಿದ್ಯಾರ್ಥಿಗಳೇ, ಒಂದು ದಿನ ಬಂದು ಸಿಹಿ ಹಂಚಿ ಹೋಗುವುದಕ್ಕಿಂತ ವಾರಕ್ಕೆರಡು ಸಂಜೆ ತಪ್ಪದೆ ಬನ್ನಿ. ಹೇಳಿದ ದಿನ ಬರುವ ಹಿರಿಯರು ಈ ಮಕ್ಕಳಿಗೆ ಬೇಕು.

ಶಾಲೆಗೆ ಸೇರಿಸಿದ ದಿನಕ್ಕೇ ನಮ್ಮ ಹೊಣೆ ಮುಗಿಯದು. ಮೊದಲ ಮೂರು ತಿಂಗಳು ಯಾರಾದರೂ ಹಾಜರಿ ವಿಚಾರಿಸಬೇಕು; ಎರಡು ದಿನ ಮಗು ಕಾಣದಿದ್ದರೆ ಶೆಡ್‌ಗೆ ಹೋಗಿ ಕೇಳಬೇಕು; ಕುಟುಂಬ ಊರಿಗೆ ಹೊರಟರೆ ಟಿ.ಸಿ. ಕೈಯಲ್ಲಿಟ್ಟು ಕಳಿಸಬೇಕು. ಈ ವಾರವೇ ನಿಮ್ಮ ಬಡಾವಣೆಯಲ್ಲಿ ಶಾಲೆಯ ಹೊತ್ತಿನಲ್ಲಿ ಹೊರಗಿರುವ ಮಕ್ಕಳನ್ನು ಗಮನಿಸಿ, ಅವರ ಮನೆಯವರೊಡನೆ ಮಾತಾಡಿ, ಹತ್ತಿರದ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರನ್ನು ಕಾಣಿರಿ. ಒಂದೊಂದು ಬೀದಿಯವರು ಒಂದೊಂದು ಮಗುವಿನ ಜವಾಬ್ದಾರಿ ಹೊತ್ತರೆ ಈ ಕೆಲಸ ನಮ್ಮ ಕೈಮೀರಿದ್ದಲ್ಲ. ದಯವಿಟ್ಟು ಮುಂದೆ ಬನ್ನಿ.