ಕಡತದ ರೂಪ ಬದಲಾಗಲಿ, ಅಂಕಿ ಬದಲಾಗದಿರಲಿ

ಸರಕು ಮತ್ತು ಸೇವಾ ತೆರಿಗೆಯು 2017ರ ಜುಲೈ 1ರಂದು ಜಾರಿಗೆ ಬಂದ ಬಳಿಕ ವರ್ತಕರ ಲೆಕ್ಕಪತ್ರಗಳು ಬಹುಮಟ್ಟಿಗೆ ಗಣಕಯಂತ್ರದ ಕಡತಗಳಾಗಿವೆ. ಆದರೆ ಈ ಕಡತಗಳೆಲ್ಲವೂ ಒಂದೇ ರೂಪದಲ್ಲಿರುವುದಿಲ್ಲ. ಲೆಕ್ಕದ ತಂತ್ರಾಂಶವು ಎಕ್ಸ್‌ಎಂಎಲ್ ಅಥವಾ ಎಕ್ಸೆಲ್ ಕಡತ ನೀಡಿದರೆ, ಬ್ಯಾಂಕಿನ ವಿವರ ಸಿಎಸ್‌ವಿಯಲ್ಲಿ ಬರುತ್ತದೆ. ತೆರಿಗೆ ಜಾಲತಾಣವು ಜೇಸನ್ ರೂಪವನ್ನು ಅಪೇಕ್ಷಿಸುತ್ತದೆ. ಒಂದು ರೂಪದಿಂದ ಇನ್ನೊಂದಕ್ಕೆ ಬದಲಾಯಿಸುವ ಕೆಲಸವನ್ನು ಅನೇಕ ಸಣ್ಣ ಸಂಸ್ಥೆಗಳಲ್ಲಿ ಗುಮಾಸ್ತರು ಇಂದಿಗೂ ನಕಲು ಮಾಡಿ ಅಂಟಿಸುವ ಮೂಲಕವೇ ನಿರ್ವಹಿಸುತ್ತಿದ್ದಾರೆ. ಮೇಲ್ನೋಟಕ್ಕೆ ಇದು ಮಿತವ್ಯಯವೆನಿಸಿದರೂ ವಾಸ್ತವದಲ್ಲಿ ನಷ್ಟಕ್ಕೆ ದಾರಿ.

ಕಾಫಿಯ ಎಚ್‌ಎಸ್‌ಎನ್ ಸಂಕೇತ 0901, ಕಾಳುಮೆಣಸಿನದು 0904. ಸಿಎಸ್‌ವಿ ಕಡತವನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದರೆ ಮೊದಲ ಸೊನ್ನೆ ಅಳಿದು 901, 904 ಮಾತ್ರ ಉಳಿಯುತ್ತದೆ. '5-11' ಎಂಬ ಬಿಲ್ ಸಂಖ್ಯೆ ದಿನಾಂಕವಾಗಿ ಮಾರ್ಪಡುತ್ತದೆ. 15 ಅಂಕಿಗಳಿಗಿಂತ ಉದ್ದವಾದ ಖಾತೆ ಸಂಖ್ಯೆಯಲ್ಲಿ ಕೊನೆಯ ಅಂಕಿಗಳು ಸೊನ್ನೆಯಾಗುತ್ತವೆ. ಹೊಸ ಆವೃತ್ತಿಗಳಲ್ಲಿ ಇವುಗಳಲ್ಲಿ ಕೆಲವನ್ನು ತಡೆಯುವ ಆಯ್ಕೆಯಿದೆಯಾದರೂ ಅದನ್ನು ಬಳಕೆದಾರರೇ ಹೊಂದಿಸಿಕೊಳ್ಳಬೇಕು.

ಇಂತಹ ತಪ್ಪಿನ ಹೊರೆ ಮಾಡಿದವರ ಮೇಲಷ್ಟೇ ಬೀಳುವುದಿಲ್ಲ. 2022ರ ಜನವರಿ 1ರಿಂದ ಜಾರಿಯಲ್ಲಿರುವ ನಿಯಮದಂತೆ, ಮಾರಾಟಗಾರರು ತಮ್ಮ ವಿವರಪಟ್ಟಿಯಲ್ಲಿ ಬಿಲ್ಲನ್ನು ತೋರಿಸಿದ್ದರೆ ಮಾತ್ರ ಖರೀದಿದಾರರಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುತ್ತದೆ. ಬಿಲ್ ಸಂಖ್ಯೆ ತಾಳೆಯಾಗದಿದ್ದರೆ ಖರೀದಿದಾರರು ಹಣ ತಡೆಹಿಡಿಯುತ್ತಾರೆ. ವರ್ಷಗಳ ವ್ಯವಹಾರ ಸಂಬಂಧವೂ ಹದಗೆಡುತ್ತದೆ.

ಈ ತೊಡಕಿಗೆ ದುಬಾರಿ ಪರಿಹಾರವೇನೂ ಬೇಕಿಲ್ಲ. ಮಿಲ್ಲರ್, ಜೆಕ್ಯೂ ಮುಂತಾದ ಉಚಿತ ಮುಕ್ತ ತಂತ್ರಾಂಶಗಳು ಕಮಾಂಡ್ ಲೈನ್‌ನಲ್ಲಿ ಒಂದು ಸಾಲಿನ ಆದೇಶದಿಂದ ಈ ಕೆಲಸ ಮಾಡುತ್ತವೆ. ಮಿಲ್ಲರ್ ಸಿಎಸ್‌ವಿಯನ್ನು ಜೇಸನ್ ಆಗಿಯೂ, ಜೇಸನ್ ಅನ್ನು ಸಿಎಸ್‌ವಿಯಾಗಿಯೂ ಪರಿವರ್ತಿಸುತ್ತದೆ. ಅಂಕಿಯೆಂದು ಊಹಿಸದೆ ಎಲ್ಲವನ್ನೂ ಅಕ್ಷರವೆಂದೇ ಓದುವ ಆಯ್ಕೆ ಅದರಲ್ಲಿದೆ. ಆಗ 0901 ಎಂಬುದು 0901 ಆಗಿಯೇ ಉಳಿಯುತ್ತದೆ. ವಿವರಪಟ್ಟಿಯ ಜೇಸನ್ ಸಿದ್ಧಪಡಿಸಲು ತೆರಿಗೆ ಜಾಲತಾಣದ ಉಚಿತ ಆಫ್‌ಲೈನ್ ಸಾಧನವೇ ಸಾಕು. ಆದರೆ ಅದಕ್ಕೆ ಮುನ್ನ ಮಾಹಿತಿಯನ್ನು ಅಣಿಗೊಳಿಸಲು, ಬಳಿಕ ಜಿಎಸ್‌ಟಿಆರ್-2ಬಿಯ ಜೇಸನ್ ಕಡತವನ್ನು ಖರೀದಿ ಪುಸ್ತಕದೊಡನೆ ತಾಳೆ ನೋಡಲು ಈ ಸಾಧನಗಳು ಉಪಯುಕ್ತ.

ಕಪ್ಪು ಪರದೆಯ ಮೇಲೆ ಆದೇಶ ಬರೆಯುವುದು ವರ್ತಕರ ಕೆಲಸವೇ ಎಂಬ ಆಕ್ಷೇಪ ಸಹಜ. ಬಲ್ಲವರಿಂದ ಒಮ್ಮೆ ಬರೆಸಿ ಕಡತವಾಗಿ ಉಳಿಸಿಕೊಂಡರೆ ಅದೇ ಆದೇಶ ಪ್ರತಿ ತಿಂಗಳೂ ಅದೇ ರೀತಿ ನಡೆಯುತ್ತದೆ. ಗುಮಾಸ್ತರು ಬದಲಾದರೂ ಪದ್ಧತಿ ಬದಲಾಗದು. ಉಚಿತವಾಗಿ ಪರಿವರ್ತಿಸಿಕೊಡುವ ಅಪರಿಚಿತ ಜಾಲತಾಣಗಳಿಗೆ ಗಿರಾಕಿಗಳ ಪಟ್ಟಿ ಮತ್ತು ದರಗಳನ್ನು ಒಪ್ಪಿಸುವುದಕ್ಕಿಂತ, ಸ್ವಂತ ಯಂತ್ರದಲ್ಲೇ ಈ ಕೆಲಸ ಮುಗಿಸುವುದು ಎಷ್ಟೋ ಕ್ಷೇಮ.

ಆದರೆ ಸಾಧನವು ರೂಪವನ್ನಷ್ಟೇ ಬದಲಿಸಬಲ್ಲದು. ಮೂಲದಲ್ಲಿನ ತಪ್ಪನ್ನು ತಿದ್ದಲಾರದು. ಪರಿವರ್ತನೆಗೆ ಮುನ್ನ ಮತ್ತು ಅನಂತರ ಬಿಲ್ಲುಗಳ ಸಂಖ್ಯೆ ಹಾಗೂ ಒಟ್ಟು ಮೊತ್ತವನ್ನು ಹೋಲಿಸುವುದು, ಮೂಲ ಕಡತವನ್ನು ಮುಟ್ಟದೆ ಕಾಯ್ದಿರಿಸುವುದು ಕಡ್ಡಾಯವಾಗಬೇಕು. ವಾಣಿಜ್ಯ ಸಂಸ್ಥೆಗಳು ತೆರಿಗೆ ಕಾರ್ಯಾಗಾರಗಳಲ್ಲಿ ಈ ವಿಷಯಕ್ಕೆ ಅರ್ಧ ದಿನ ಮೀಸಲಿಟ್ಟರೆ ಸಣ್ಣ ಉದ್ಯಮಿಗಳಿಗೆ ನಿಜವಾದ ನೆರವಾದೀತು. ತಕ್ಕಡಿಯ ಮುಳ್ಳಿನ ಮೇಲೆ ಕಣ್ಣಿಡುವ ವರ್ತಕರು ಕಡತದ ಸೊನ್ನೆಯ ಮೇಲೂ ಕಣ್ಣಿಡಬೇಕಾದ ಕಾಲವಿದು.